ಇದ್ದಾರಾ

ವರ್ಷಕ್ಕೆರಡು ಸಲ ಹೋಗುತ್ತೇನೆ ನಾನು,
ಕಿವಿ ಪರೀಕ್ಷೆ ಮಾಡುವವಳು,
ಮಿನೆಸೋಟದ ನೆತ್ತಿಯಲ್ಲಿ
ಬಾಚಣಿಗೆಗೆ ಬಗ್ಗದ ಕೂದಲಿನಂತೆ
ನೆಟ್ಟಗೆ ನಿಂತಿರುವ ಆ ಮೂಲೆಗೆ.
ನೆಲದ ದಾರಿ ಹಿಡಿದರೆ ಕೆನಡಾ ಹೊಕ್ಕು ಹೊರಬರಬೇಕು,
ಎರಡು ಕಡೆ ಪಾಸ್‌ಪೋರ್ಟು,
ಎರಡು ಕಡೆ ‘ಪೆಟ್ಟಿಗೆಯಲ್ಲೇನಿದೆ?’
ಜನವರಿಯಲ್ಲಾದರೆ ಸರೋವರವೇ ರಸ್ತೆ.
ಇಕ್ಕೆಲಕ್ಕೂ ನೆಟ್ಟ ಸ್ಪ್ರೂಸ್ ಕೊಂಬೆಗಳು.
ಕಿಟಕಿ ಇಳಿಸಿ, ಸೀಟ್‌ಬೆಲ್ಟು ಬಿಚ್ಚಿ,
ಗಂಟೆಗೆ ಹದಿನೈದು ಮೈಲಿ.
ಬೆಲ್ಟು ಬಿಚ್ಚುವುದು ಯಾಕೆಂದು ಮೊದಲ ವರ್ಷ ಕೇಳಿದ್ದೆ.
ಓರ್ವಿಲ್ ಲೂಸಿಯರ್ ಉತ್ತರ ಹೇಳಲಿಲ್ಲ,
ನನ್ನ ಕಡೆಯ ಬಾಗಿಲನ್ನು ಒಮ್ಮೆ ತೆರೆದು, ಮುಚ್ಚಿ, ತೋರಿಸಿದ.

ಹದಿನೇಳು ಮನೆ. ಒಂದು ಶಾಲೆ.
ಪೆಟ್ರೋಲನ್ನೂ ಹಾಲನ್ನೂ ಮಾರುವ ಒಂದೇ ಅಂಗಡಿ.
ಒಜಿಬ್ವೆ ಜನ.
ಯಾವ ಬಾಗಿಲು ಬಡಿದರೂ ನನ್ನ ಬಾಯಿಗೆ ಮೊದಲು ಬರುವುದು
‘ಮನೇಲಿದ್ದಾರಾ?’
ಅದನ್ನು ನುಂಗಿಕೊಂಡು ಹಲೋ ಎನ್ನುತ್ತೇನೆ.

ಓರ್ವಿಲ್‌ನ ಅಕ್ಕ ಡೆಲ್ಫೀನ್. ಎಂಬತ್ತೊಂದು.
ಹೆಡ್‌ಫೋನು ತೊಡಿಸಿ, ಸದ್ದು ಕೇಳಿದಾಗ ಬೆರಳೆತ್ತಿ ಅಂದೆ.
ನಾಲ್ಕು ಸಾವಿರಕ್ಕೆ ಎತ್ತಲಿಲ್ಲ,
ಎರಡು ಸಾವಿರಕ್ಕೂ ಇಲ್ಲ.
ಗ್ರಾಫಿನ ಗೆರೆ ಬಲಗಡೆ
ಬಾವಿಯ ಹಗ್ಗದಂತೆ ಇಳಿದುಹೋಯಿತು.
ತೆಳ್ಳನೆಯ ದನಿಗಳೆಲ್ಲ ಹೋಗಿವೆ:
ಹಕ್ಕಿ, ಕೆಟಲಿನ ಸಿಳ್ಳೆ, ಮಕ್ಕಳು, ಮಾತಿನೊಳಗಿನ ಸಕಾರ.
ಆಮೇಲೆ, ನಾನು ಯಾವ ಗುಂಡಿಯನ್ನೂ ಒತ್ತದಿದ್ದಾಗ
ಬೆರಳೆತ್ತಿದಳು.
ತಪ್ಪು ಎಂದು ಬರೆಯಹೊರಟೆ.
ಅಷ್ಟರಲ್ಲಿ ನೆಲದಿಂದ ನನ್ನ ಪಾದಕ್ಕೂ ಬಂತು,
ಸರೋವರದ ಉದ್ದಕ್ಕೂ ಯಾರೋ
ಕಬ್ಬಿಣದ ಮಂಚ ಎಳೆದ ಹಾಗೆ.

‘ಏನದು?’ ಅಂದೆ.
‘ಯಾರದು ಅಂತ ಕೇಳು,’ ಅಂದಳು.

ಮೇಜಿನ ಮೇಲೆ ಕೈಯಿಂದ ಒಂದು ಗೆರೆ ಎಳೆದಳು.
ಈಚೆಗೆ, ಅವಳ ಭಾಷೆಯಲ್ಲಿ ಜೀವ ಇರುವವರು:
ಕಲ್ಲು, ಕೆಟಲು, ಮೀನಿನ ಬಲೆ,
ಕೈಗವಸು, ಹಿಮ, ಮಂಜುಗಡ್ಡೆ.
ಆಚೆಗೆ ದೋಣಿ, ಬೆಂಕಿ, ನೀರು.
ನನ್ನ ಹೆಡ್‌ಫೋನನ್ನು ಸ್ವಲ್ಪ ಹೊತ್ತು ಕೈಯಲ್ಲಿ ತೂಗಿ
ಅದನ್ನೂ ಆಚೆಗಿಟ್ಟಳು.
ನೀರಿಗಿಲ್ಲದ್ದು ಮಂಜುಗಡ್ಡೆಗೆ ಹೇಗೆ ಬಂತು?
‘ನಿಯಮ ಮಾಡಿದವಳು ನಾನಲ್ಲ.
ಹೊರಗೇ ಇದ್ದಾರೆ, ಹೋಗಿ ಕೇಳು.’

ನಮ್ಮ ವ್ಯಾಕರಣದ ಮೇಷ್ಟ್ರು
ಇವರನ್ನೆಲ್ಲ ನಪುಂಸಕಲಿಂಗದ ಗೋಣಿಚೀಲಕ್ಕೆ ತುಂಬಿದ್ದರು.
ಸೂರ್ಯ ಹುಟ್ಟಿದ, ಚಂದ್ರ ಬಂದ,
ಕಲ್ಲು ಮಾತ್ರ ಬಿತ್ತು.
ಅರಿಶಿನ ಹಚ್ಚಿದರೆ ಮಾತ್ರ ಬಡ್ತಿ.

ಯಂತ್ರ ಕಿವಿಗಿಟ್ಟೆ.
ಮೊದಲು ಕೇಳಿದ್ದು ಫ್ರಿಜ್ಜು.
‘ಇದಕ್ಕಿಷ್ಟು ಬಾಯಿಯೇ!’ ಎಂದು ಬೈದಳು.
ಆಮೇಲೆ ಸುಮ್ಮನಾದಳು.
ಮೇಜಿನಡಿ ಮೊಮ್ಮಗಳು ಮಾರ್ಲಿಸ್,
ಮೂತಿ ಚಾಚಿ ಮಲಗಿದ ನಾಯಿಯ ಉಗುರು ಎಣಿಸುತ್ತಿತ್ತು
ಪಿಸುದನಿಯಲ್ಲಿ, ಇಂಗ್ಲಿಷಿನಲ್ಲಲ್ಲ:
ಬೇಝಿಗ್, ನೀಝ್, ನಿಸ್ವಿ, ನಾನನ್.
ಇಷ್ಟು ವರ್ಷ ಈ ಮನೆಯಲ್ಲಿ
ಎಷ್ಟು ಸಲ ಎಣಿಸಿತ್ತೋ.
ಅಜ್ಜಿ ಅತ್ತಳೋ ಏನೋ, ನಾನು ತಂತಿ ಸುತ್ತುತ್ತಿದ್ದೆ.
ಕೇಳಿದ್ದು ಇಷ್ಟು:
‘ಮೂರಾದ ಮೇಲೆ ಐದು ಬರುವುದಿಲ್ಲ ಮಗೂ,
ನಡುವೆ ಒಬ್ಬರನ್ನು ಬಿಟ್ಟೆ.’

ಮರಳುವಾಗ ಅರ್ಧ ದಾರಿಯಲ್ಲಿ ಓರ್ವಿಲ್ ಟ್ರಕ್ಕು ನಿಲ್ಲಿಸಿ
ತೂತು ಕೊರೆದು ಕೋಲಿಳಿಸಿದ.
ಹದಿನಾರು ಇಂಚು.
ಹೋದ ವರ್ಷ ಇದೇ ವಾರ ಇಪ್ಪತ್ನಾಲ್ಕು
ಎಂದು ಹೇಳಿ, ಹೇಳಬಾರದಿತ್ತು ಎಂಬಂತೆ
ಕೋಲು ಒರೆಸತೊಡಗಿದ.
ನಾನು ಮಂಡಿಯೂರಿದೆ.
ತೂತಿನೊಳಗೆ ಕಪ್ಪು ನೀರು, ಅಂಚಿಗೆ ನೀಲಿ.
ಈ ಸಲ ನುಂಗಲಿಲ್ಲ,
ಗಟ್ಟಿಯಾಗಿಯೇ ಕೇಳಿದೆ:
ಇದ್ದಾರಾ?

‘ಯಾರನ್ನು ಕರೆದೆ?’ ಅಂದ ಓರ್ವಿಲ್.
ದೂರದಲ್ಲೆಲ್ಲೋ ಮಂಚ ಸರಿಯಿತು.
ಇಬ್ಬರೂ ಟ್ರಕ್ಕು ಹತ್ತಿದೆವು,
ಬಾಗಿಲು ಮೆಲ್ಲಗೆ ಎಳೆದುಕೊಂಡೆವು,
ಮಲಗಿದವರಿರುವ ಮನೆಯಿಂದ
ಹೊರಡುವ ಹಾಗೆ.